ಎರಡು ಬೋಲ್ಟ್ ಸಾಕಿತ್ತು, ಸುತ್ತಿಗೆ ಯಾಕೆ?

ಇವತ್ತು ಬೆಳಗ್ಗೆ ದಾವಣಗೆರೆಯಲ್ಲಿ ತಮ್ಮನ ಕಾರನ್ನು ಗ್ಯಾರೇಜಿಗೆ ಬಿಟ್ಟು ಪಕ್ಕದಲ್ಲೇ ಟೀ ಕುಡಿಯುತ್ತಿದ್ದೆ. ಮುಂದಿನ ಬ್ರೇಕ್ ಡಿಸ್ಕ್ ಸವೆದಿದ್ದವು, ಹೊಸದು ಹಾಕಬೇಕಿತ್ತು. ಢಣ್ ಢಣ್ ಅಂತ ಸದ್ದು ಶುರುವಾಯಿತು. ಓಡಿ ಬಂದು ನೋಡಿದರೆ ಹುಡುಗ ದೊಡ್ಡ ಸುತ್ತಿಗೆ ಎತ್ತಿ ಡಿಸ್ಕಿಗೆ ಹಿಂದಿನಿಂದ ಬಾರಿಸುತ್ತಿದ್ದಾನೆ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಅದುಮಿ ಹಿಡಿಯೋ ಕ್ಯಾಲಿಪರ್ ಬಿಚ್ಚಿದ್ದಾನೆ, ಅದು ಬ್ರೇಕ್ ಪೈಪಿನ ಮೇಲೆ ಜೋತಾಡುತ್ತಿದೆ. ಒಂದು ತುಂಡು ತಂತಿಯಲ್ಲಿ ಕಟ್ಟೋಕೂ ಪುರುಸೊತ್ತಿಲ್ಲ. ಮೈಯೆಲ್ಲಾ ಉರಿದುಹೋಯಿತು.

ಡಿಸ್ಕ್ ಹಬ್ಬಿಗೆ, ಅಂದರೆ ಚಕ್ರ ಮತ್ತು ಡಿಸ್ಕ್ ಕೂರುವ ನಡುವಿನ ಭಾಗಕ್ಕೆ, ಕಚ್ಚಿಕೊಂಡಿತ್ತು, ನಿಜ. ನೀರು ಸಂದಿಗೆ ಇಳಿದು ವರ್ಷಗಟ್ಟಲೆ ತುಕ್ಕು ಹಿಡಿದರೆ ಎರಡೂ ಒಂದೇ ಕಬ್ಬಿಣದ ಹಾಗೆ ಕೂತುಬಿಡುತ್ತವೆ. ಆದರೆ ಆ ಡಿಸ್ಕಿನ ಮುಖದ ಮೇಲೇ ಥ್ರೆಡ್ ಇರುವ ಎರಡು ಸಣ್ಣ ತೂತು ಇದ್ದವಲ್ಲ! ಅವು ಇರೋದೇ ಇದಕ್ಕೆ. 8 ಎಂಎಂ ಬೋಲ್ಟ್ ಎರಡು ಹಾಕಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ತಿರುಗಿಸಬೇಕು. ಬೋಲ್ಟಿನ ತುದಿ ಹಬ್ಬನ್ನು ಒತ್ತುತ್ತೆ, ಡಿಸ್ಕ್ ಈಚೆ ಬರುತ್ತೆ. ಅಷ್ಟೇ.

"ಅಣ್ಣಾ, ಹೆಂಗಿದ್ರೂ ಗುಜರಿಗೆ ಹೋಗೋ ಡಿಸ್ಕು, ಒಡೆದ್ರೇನು?" ಅಂದ.

ಡಿಸ್ಕ್ ಗುಜರಿಗೆ ಹೋಗುತ್ತೆ ತಮ್ಮಾ, ಒಳಗೆ ಚಕ್ರ ಸಲೀಸಾಗಿ ತಿರುಗೋಕೆ ಇರೋ ಬೇರಿಂಗ್ ಹೋಗಲ್ವಲ್ಲ. ಡಿಸ್ಕ್ ಕಚ್ಚಿಕೊಂಡಿರೋವರೆಗೂ ಪ್ರತಿ ಏಟೂ ಬೇರಿಂಗಿಗೇ ಬೀಳೋದು.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ಹೋದ ವರ್ಷ ನನ್ನ ಕಾರಿಗೂ ಬೇರೊಂದು ಕಡೆ ಹೀಗೇ ಬಾರಿಸಿದರು. ತಪ್ಪು ಅಂತ ಗೊತ್ತಿದ್ದೂ ಸುಮ್ನೆ ನಿಂತಿದ್ದೆ. ಆಮೇಲೆ ಒಂದು ದಿನ ಚಿತ್ರದುರ್ಗಕ್ಕೆ ಹೊರಟಾಗ, ಸ್ಪೀಡು 60 ದಾಟಿದ ಕೂಡಲೇ ಮುಂದಿನ ಚಕ್ರದಿಂದ ಗುಂಯ್ ಅಂತ ಸದ್ದು. ಪಕ್ಕದಲ್ಲಿ ಅಪ್ಪ ಕೂತಿದ್ದರು. ಏನೋ ಅದು ಅಂತ ಎರಡು ಸಲ ಕೇಳಿದರು. ರೋಡು ಸರಿಯಿಲ್ಲ ಅಂದೆ. ಹೈವೇ ಕನ್ನಡಿ ಹಾಗಿತ್ತು. ಅಪ್ಪನಿಗೆ ಹೇಳಿದ ಆ ಸುಳ್ಳು ಇನ್ನೂ ಚುಚ್ಚುತ್ತೆ. ಬೇರಿಂಗೇ ಹೋಗಿತ್ತು.

ಎಲ್ಲಾ ಡಿಸ್ಕಿಗೂ ತೂತು ಇರಲ್ಲ ಅಂತ ಕೆಲವರು ಹೇಳ್ತೀರಿ. ಗೊತ್ತು. ಇಲ್ಲದಿದ್ದಾಗ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಕಾದು, ಮೆಲ್ಲಗೆ ಸುತ್ತಲೂ ತಟ್ಟಿ. ಇರುವಾಗಲೂ ಕಣ್ಣು ಹಾಯಿಸದೆ ಸುತ್ತಿಗೆಗೆ ಕೈ ಹಾಕೋದು ಯಾಕೆ? ಗಡಿಬಿಡಿ ಅಂತೀರಾ? ಅವನು ಬಾರಿಸಿದ್ದೇ ಇಪ್ಪತ್ತು ನಿಮಿಷ!

ಕೊನೆಗೆ ಅವನದೇ ನಟ್ಟು ಬೋಲ್ಟಿನ ಡಬ್ಬಿಯಲ್ಲಿ ಎರಡು ಬೋಲ್ಟ್ ಹುಡುಕಿ ಕೊಟ್ಟೆ. ತೂತಿನ ತುಕ್ಕು ಕೆರೆದು, ಎಣ್ಣೆ ಬಿಟ್ಟು, ಪಾನಾ ಹಾಕಿ ತಿರುಗಿಸಿದ. ನಾಲ್ಕನೇ ಸುತ್ತಿನಲ್ಲಿ ಟಕ್ ಅಂತ ಡಿಸ್ಕ್ ಬಿಟ್ಟಿತು. ಹಬ್ಬಿನ ಮೇಲೆ ಕೆಂಪು ತುಕ್ಕಿನ ಹಕ್ಕಳೆ. ಅದರ ಮೇಲೇ ಹೊಸ ಡಿಸ್ಕ್ ಕೂರಿಸೋಕೆ ಹೊರಟ. ಕೈ ಹಿಡಿದು ನಿಲ್ಲಿಸಿದೆ. ಕಾಗದದಷ್ಟು ತೆಳ್ಳಗಿನ ತುಕ್ಕು ಉಳಿದರೂ ಡಿಸ್ಕ್ ಸೊಟ್ಟ ಕೂರುತ್ತೆ, ಬ್ರೇಕ್ ಒತ್ತಿದಾಗ ಪೆಡಲ್ ಕಾಲಡಿ ನಡುಗುತ್ತೆ. ವೈರ್ ಬ್ರಷ್ ಹಾಕಿ ಉಜ್ಜಿಸಿದೆ, ಬಿಳಿ ಕಬ್ಬಿಣ ಕಾಣೋವರೆಗೂ.

ಇನ್ನೊಂದು ಚಕ್ರ ಬಿಚ್ಚೋ ಮೊದಲು ಆ ಸುತ್ತಿಗೆಯನ್ನು ನಾನೇ ಎತ್ತಿಕೊಂಡು ಹೋಗಿ ಟೀ ಅಂಗಡಿಯ ಬೆಂಚಿನ ಕೆಳಗಿಟ್ಟೆ.