ಭಾನುವಾರಕ್ಕೆ ಜಾರಿದ ಅಮಾವಾಸ್ಯೆ

ಕ್ಯಾಲೆಂಡರ್ ಅಂದ್ರೆ ಏನ್ ಮಹಾ, ಅಡ್ಡ ಏಳು ಮನೆ, ಉದ್ದ ಐದು ಮನೆ ಅಂತ ಜನ ಅಂದುಕೊಳ್ಳುತ್ತಾರೆ. ಮನೆ ಬರೆಯೋದು ಸುಲಭವೇ. ಆ ಮನೆಯೊಳಗೆ ಸರಿಯಾದ ದಿನವನ್ನು ಕೂರಿಸೋದರಲ್ಲೇ ಜೀವ ಹೋಗೋದು.

ದಾವಣಗೆರೆಯ ಬಟ್ಟೆ ಸಾಹುಕಾರರೊಬ್ಬರಿಗೆ ಹರಿಹರ, ಚಿತ್ರದುರ್ಗದಲ್ಲೂ ಅಂಗಡಿಗಳಿವೆ. ಮೇಲ್, ಕ್ಯಾಲೆಂಡರ್, ಗಿರಾಕಿಗಳ ನಂಬರು ಎಲ್ಲವನ್ನೂ ಒಂದೇ ಕಡೆ ಇಡುವ ಸರ್ವರ್ ಒಂದನ್ನು ಯಾರೋ ಹಾಕಿಕೊಟ್ಟು ಹೋಗಿದ್ದರು. ಅದು ಬ್ರೌಸರ್‌ನಲ್ಲಿ ತೆರೆಯುವ ಹಾಗೆ ಮಾಡಿಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಸರ್ವರ್ ಮಾತಾಡೋದು ಕ್ಯಾಲ್‌ಡ್ಯಾವ್ ಭಾಷೆ, ಅಂದ್ರೆ ಕ್ಯಾಲೆಂಡರನ್ನು ಸರ್ವರ್‌ನಿಂದ ಓದಿ ಬರೆಯುವ ಕ್ರಮ. 2007ರಿಂದ ಇರುವ ಸ್ಟ್ಯಾಂಡರ್ಡ್. ಅಂದ್ಮೇಲೆ ಸಲೀಸು, ಅಲ್ವಾ?

ಬ್ರೌಸರ್ ಬೇರೆ ವಿಳಾಸದ ಸರ್ವರ್ ಜೊತೆ ಇಂಥ ಭಾಷೆಯಲ್ಲಿ ಮಾತಾಡುವ ಮುಂಚೆ 'ಮಾತಾಡಬಹುದಾ?' ಎಂದು ಕೇಳುತ್ತದೆ. ಹಾಗೆ ಕೇಳುವಾಗ ಪಾಸ್‌ವರ್ಡ್ ಕೊಡುವುದಿಲ್ಲ, ಅದರ ನಿಯಮವೇ ಹಾಗೆ. ನಮ್ಮ ಸರ್ವರ್ರೋ, ಪಾಸ್‌ವರ್ಡ್ ಇಲ್ಲದೆ ಯಾರಿಗೂ ಉತ್ತರ ಕೊಡುವ ಪೈಕಿಯಲ್ಲ. ಮುನಿಸಿಕೊಂಡ ಬೀಗರ ಹಾಗೆ ಇಬ್ಬರೂ ಬಿಗಿದುಕೊಂಡು ಕೂತರು. ನಡುವೆ ಇವರ ಮಾತು ಅವರಿಗೆ ದಾಟಿಸುವ ನಮ್ಮದೇ ಒಂದು ಪುಟ್ಟ ಪ್ರಾಕ್ಸಿ ನಿಲ್ಲಿಸಿ ರಾಜಿ ಮಾಡಿಸಿದ್ದಾಯಿತು.

ಆಮೇಲೆ ಸಾಹುಕಾರರ ಫೋನ್ ಬಂತು. "ತಮ್ಮಾ, ಸೋಮವಾರದ ಅಮಾವಾಸಿ ಭಾನುವಾರ ತೋರಿಸ್ತೈತಲ್ಲೋ!"

ಹೋಗಿ ನೋಡಿದರೆ, ಗುಮಾಸ್ತರು ಹೂವು, ಹಣ್ಣಿನ ಲೆಕ್ಕ ಸೇರಿಸಲು ಅಮಾವಾಸ್ಯೆ ಪೂಜೆಯನ್ನು ತೆರೆದು ಸೇವ್ ಒತ್ತಿದಾಗಲೆಲ್ಲ ಅದು ಒಂದು ದಿನ ಹಿಂದಕ್ಕೆ ಜಾರುತ್ತಿದೆ. ಕಾಯಿ ಬರೆದರು, ಒಂದು ದಿನ. ಕರ್ಪೂರ ಬರೆದರು, ಇನ್ನೊಂದು ದಿನ. ಮಧ್ಯಾಹ್ನದ ಹೊತ್ತಿಗೆ ಅಮಾವಾಸ್ಯೆ ಶುಕ್ರವಾರ ಮುಟ್ಟಿತ್ತು.

ಇಡೀ ದಿನದ ಕಾರ್ಯಕ್ರಮಕ್ಕೆ ಬರೀ ತಾರೀಕು ಸಾಕು, ಗಂಟೆ ಬೇಡ. ಆದರೆ ನಾವು ಹಾಕಿಕೊಂಡಿದ್ದ ರೆಡಿಮೇಡ್ ಲೈಬ್ರರಿ, ಅಂದ್ರೆ ಬೇರೆಯವರು ಬರೆದಿಟ್ಟ ಕೋಡ್, ಆ ತಾರೀಕಿಗೆ ನಡುರಾತ್ರಿ 12 ಗಂಟೆ ಅಂತ ಅಂಟಿಸಿ, ಅದನ್ನು ಗ್ರೀನಿಚ್ ಸಮಯಕ್ಕೆ ತಿರುಗಿಸಿ, ಆಮೇಲೆ ಗಂಟೆ ಕಿತ್ತೆಸೆದು ತಾರೀಕನ್ನಷ್ಟೇ ಸರ್ವರ್‌ಗೆ ಕಳಿಸುತ್ತಿತ್ತು. ನಮ್ಮಲ್ಲಿ ನಡುರಾತ್ರಿ ಆದಾಗ ಗ್ರೀನಿಚ್‌ನಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಆರೂವರೆ. ಅಮೆರಿಕದಲ್ಲಿ ಕೂತು ಕೋಡ್ ಬರೆಯುವವರ ಕಣ್ಣಿಗೆ ಇದು ಬೀಳೋದೇ ಇಲ್ಲ. ಅವರ ನಡುರಾತ್ರಿ ಗ್ರೀನಿಚ್‌ನಲ್ಲಿ ಅದೇ ತಾರೀಕಿನ ಬೆಳಗಿನ ಜಾವ.

"ಆ ಊರಿನವ್ರಿಗೂ ನಮ್ಮಂಗಡಿ ಪೂಜೆಗೂ ಏನೋ ಸಂಬಂಧ?" ಅಂದರು ಸಾಹುಕಾರರು. ನ್ಯಾಯವಾದ ಪ್ರಶ್ನೆ.

ಜಾರೋದು ನಿಂತ ಮೇಲೆ ಇನ್ನೊಂದು ಆಸೆ ಹುಟ್ಟಿತು. "ಪ್ರತಿ ಅಮಾವಾಸಿ ತಾನಾಗೇ ಬರೋ ಹಂಗೆ ಹಾಕಿಬಿಡು." ಪ್ರತಿ ತಿಂಗಳ ಎರಡನೇ ಮಂಗಳವಾರ ಅನ್ನಿ, ಈ ಕ್ಯಾಲೆಂಡರ್‌ಗೆ ಗೊತ್ತು. ತಿಂಗಳ ಕೊನೇ ದಿನ ಅಂದರೂ ಗೊತ್ತು. 31ನೇ ತಾರೀಕು ಅಂದರೆ 31 ಇಲ್ಲದ ತಿಂಗಳನ್ನು ಸುಮ್ನೆ ದಾಟಿಕೊಂಡು ಹೋಗುತ್ತದೆ, ಸಂಬಳದ ದಿನಕ್ಕೆ ಅದನ್ನು ನಂಬುವ ಹಾಗಿಲ್ಲ. ಅಮಾವಾಸ್ಯೆ ಮಾತ್ರ ಅದರ ಲೆಕ್ಕಕ್ಕೆ ಸಿಗೋದಿಲ್ಲ. ಬೇರೆ ಪದ್ಧತಿಯ ಕ್ಯಾಲೆಂಡರುಗಳಿಗೂ ಜಾಗ ಮಾಡಿಕೊಡುವ ಒಂದು ಸ್ಟ್ಯಾಂಡರ್ಡ್ 2015ರಲ್ಲಿ ಬಂದಿದೆ, ಈ ಸರ್ವರ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸಾಹುಕಾರರು ಗಲ್ಲಾದ ಹಿಂದಿನ ಗೋಡೆಗೆ ಕೈ ತೋರಿಸಿದರು. "ಅದ್ರಾಗೆ ರಾಹುಕಾಲನೂ ಐತಿ ನೋಡು." ಈಗ ಯುಗಾದಿ ಆದ ಮೇಲೆ ಗುಮಾಸ್ತರು ಆ ಗೋಡೆಯ ಕ್ಯಾಲೆಂಡರ್ ನೋಡಿಕೊಂಡೇ ಎಲ್ಲ ಅಮಾವಾಸ್ಯೆಗಳನ್ನೂ ಒಂದೊಂದಾಗಿ ಟೈಪ್ ಮಾಡುತ್ತಾರೆ.

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯದ್ದು ಬೇರೆಯೇ ಕಥೆ. 'ದುಗ್ಗಮ್ಮನ ಜಾತ್ರೆ ಪ್ರಯುಕ್ತ ರಜೆ' ಎಂದು ಹಾಕಿದರೆ ತೆರೆಯ ಮೇಲೆ 'ಪ್ರಯುಕ' ಆದಮೇಲೆ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಗಳು, ಆಮೇಲೆ ಒಂಟಿ 'ತ'. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತದೆ; ಕ್ಯಾಲೆಂಡರ್ ಫೈಲಿನ ಒಂದು ಸಾಲು 75 ಬೈಟ್ ದಾಟಬಾರದು, ದಾಟಿದರೆ ಮಡಚಿ ಮುಂದಿನ ಸಾಲಿಗೆ ಹಾಕಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. ನಮಗೆ ಅಕ್ಷರಕ್ಕೆ ಮೂರು, ಒತ್ತಿಗೆ ಬೇರೆ, ಕೊಂಬಿಗೆ ಬೇರೆ. ಸರ್ವರ್ ಎಣಿಸಿ ಎಣಿಸಿ ಸರಿಯಾಗಿ 75ಕ್ಕೆ ಕತ್ತರಿ ಹಾಕಿತ್ತು. ಕತ್ತರಿ ಬಿದ್ದದ್ದು 'ಕ್ತ'ದ ನಟ್ಟನಡುವೆ. ಬೈಟ್‌ಗಳನ್ನು ಮೊದಲು ಜೋಡಿಸಿ, ಆಮೇಲೆ ಅಕ್ಷರ ಓದುವ ಹಾಗೆ ಮಾಡಿದ ಮೇಲೆ 'ಪ್ರಯುಕ್ತ'ಕ್ಕೆ ಒತ್ತು ವಾಪಸ್ ಬಂತು.

ಆ ರಜೆ 10ರಿಂದ 12ರವರೆಗೆ. ಸ್ಟ್ಯಾಂಡರ್ಡ್ ಪ್ರಕಾರ ಅದು ಮುಗಿಯುವ ತಾರೀಕನ್ನು 13 ಎಂದು ಬರೆಯಬೇಕು, ಓದುವವರು 13ನ್ನು ಬಿಟ್ಟು ಎಣಿಸಬೇಕು. ನಮ್ಮ ಪುಟ ಹಾಗೇ ಎಣಿಸುತ್ತದೆ. ಕೆಲಸದ ಹುಡುಗರ ಮೊಬೈಲ್‌ನಲ್ಲಿರುವ ಯಾವುದೋ ಹಳೇ ಆ್ಯಪ್ 13ನ್ನೂ ಸೇರಿಸಿಕೊಂಡು ನಾಲ್ಕು ದಿನ ತೋರಿಸುತ್ತಿದೆ. ಒಂದು ಒತ್ತು ಕಾಣದಿದ್ದರೂ ಫೋನ್ ಮಾಡುತ್ತಿದ್ದ ಹುಡುಗರು ಇದಕ್ಕೆ ಮಾತ್ರ ತುಟಿ ಪಿಟಕ್ ಅಂದಿಲ್ಲ.