ಸಿ ಡ್ರೈವ್‌ನಲ್ಲಿ ಜಾಗ ಇಲ್ಲ ಮಾರಾಯ್ರೆ

ನಮ್ಮ ಮನೆಯ ಕಂಪ್ಯೂಟರ್ ಬರೀ ನಮ್ಮದಲ್ಲ. ಕೇರಳದ ಕಾಸರಗೋಡಿನ ಬದಿಯಡ್ಕದ ಆಚೀಚೆ ಇರುವ ನೆಂಟರಿಷ್ಟರಲ್ಲಿ ಯಾರಿಗೆ ಪ್ರಿಂಟ್ ಬೇಕಾದ್ರೂ ಪೆನ್‌ಡ್ರೈವ್ ಹಿಡ್ಕೊಂಡು ಇಲ್ಲಿಗೇ ಬರುದು, ಬಂದವರು ಚಾ ಕುಡಿದು ಹೋಗ್ತಾರೆ, ಫೈಲ್ ಮಾತ್ರ ಇಲ್ಲೇ ಠಿಕಾಣಿ. ಸಿ ಡ್ರೈವ್ ಕೆಂಪಾಗದೆ ಇನ್ನೇನು?

ಮೊದಲೇ 256 ಜಿಬಿ ಅಂತ ತಂದ ಎಸ್‌ಎಸ್‌ಡಿಯನ್ನು (ಚಿಪ್ಪಿನಲ್ಲಿ ಫೈಲ್ ಇಡುವ ಡ್ರೈವ್) ವಿಂಡೋಸ್ ತೋರಿಸುದು 238 ಅಂತ. ಕಂಪನಿಯವರದ್ದು ಸಾವಿರದ ಲೆಕ್ಕ, ವಿಂಡೋಸ್‌ದು 1024ರ ಲೆಕ್ಕ, ಕಳ್ಳತನ ಎಂತದೂ ಇಲ್ಲ. ಆದ್ರೆ ಜನ್ಮ ಇಡೀ ಅಡಿಕೆ ಮಾರಿದ ಅಪ್ಪನ ಹತ್ರ ಇದೆಲ್ಲ ನಡೀತದಾ, "ತೂಕದಲ್ಲಿ ಹೊಡ್ದಿದ್ದಾರೆ" ಅಂತ ಒಂದೇ ತೀರ್ಪು.

ಡೌನ್‌ಲೋಡ್ಸ್ ತೆಗೆದು ನೋಡಿದ್ರೆ ಜಾಗದ ಕರ ಕಟ್ಟಿದ ರಶೀದಿ, ಅದೇ ರಶೀದಿ (1), (2) ಅಂತ (14)ರವರೆಗೆ! ಅಪ್ಪನಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ, ಹಳೆಯದನ್ನು ಹುಡುಕುವ ಬದಲು ಪ್ರತಿ ಸಲ ಹೊಸತು ಇಳಿಸುದು. ಪಾಪ, ಅಷ್ಟೂ ಸೇರಿ ಒಂದೆರಡು ಎಂಬಿ. ನಿಜವಾದ ಭಾರ ಇದ್ದದ್ದು ರಾತ್ರಿಯಿಡೀ ಯಕ್ಷಗಾನ ಆಟದ ವೀಡಿಯೋಗಳಲ್ಲಿ. ಅದಕ್ಕೆ ಕೈ ಹಾಕಿದ್ದೇ ತಡ, "ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ಯಕ್ಷಗಾನ ಡಿಲೀಟ್ ಮಾಡ್ತೀಯಾ?" ಅಂತ ಅಪ್ಪ. ಅದನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಸಾಗಿಸಿದೆ. ಡಿಸ್ಕ್ ಕ್ಲೀನಪ್‌ನಲ್ಲಿ ಹಳೇ ಅಪ್‌ಡೇಟ್ ಕಸ ತೆಗೆದೆ, ತೆರೆದ ಕೆಲಸ ಹಾಗೇ ಉಳಿಸಿ ಕಂಪ್ಯೂಟರ್ ಮಲಗಿಸುವ, ಇಲ್ಲಿ ಯಾರೂ ಬಳಸದ ಹೈಬರ್ನೇಟ್ ಆಫ್ ಮಾಡಿದೆ, ಅದರದ್ದೂ ಒಂದು ಫೈಲ್ ಕೆಲವು ಜಿಬಿ ನುಂಗಿ ಅಡಗಿ ಕೂತಿರ್ತದೆ.

ಅಷ್ಟರಲ್ಲಿ ಚಿಕ್ಕಪ್ಪ ಬಂದ್ರು. "ಡಿಫ್ರಾಗ್ ಹಾಕು ಮಗಾ." ಚೂರು ಚೂರಾದ ಫೈಲನ್ನು ಒಟ್ಟು ಜೋಡಿಸುವ ಅದು ತಿರುಗುವ ಹಾರ್ಡ್‌ಡಿಸ್ಕಿನ ಕಾಲದ ಮದ್ದು ಚಿಕ್ಕಪ್ಪ, ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ, ಸುಮ್ಮನೆ ಬರೆದು ಬರೆದು ಅದರ ಆಯುಸ್ಸು ಸವೆಯುದು, ವಿಂಡೋಸ್ ಫೈಲ್ ಅಳಿಸಿದಾಗಲೇ, ಮತ್ತೆ ವಾರಕ್ಕೊಮ್ಮೆಯೂ, ತಾನಾಗಿಯೇ ಟ್ರಿಮ್ ಮಾಡ್ತದೆ, ಅಳಿಸಿದ ಫೈಲಿನ ಜಾಗ ಖಾಲಿ ಅಂತ ಡ್ರೈವಿಗೆ ಹೇಳ್ತದೆ, ಅಷ್ಟು ಸಾಕು, ಅಂತೆಲ್ಲ ಹೇಳಿದೆ. "ಹೌದಾ" ಅಂದ್ರು. ನಾನು ತೋಟಕ್ಕೆ ಸ್ಪ್ರಿಂಕ್ಲರ್ ಬದಲಿಸ್ಲಿಕ್ಕೆ ಹೋಗಿ ಬರುವಷ್ಟರಲ್ಲಿ ಅವರು ನ್ಯೂ ಫೋಲ್ಡರ್ (3) ಅಂತ ಇದ್ದದ್ದನ್ನು ರಿಸೈಕಲ್ ಬಿನ್ನಿಗೂ ಹೋಗದ ಹಾಗೆ ಶಿಫ್ಟ್ ಡಿಲೀಟ್ ಹೊಡೆದು ಕೂತಿದ್ರು. "ಹೆಸರೇ ಇಲ್ಲದ್ದು, ಯಾರದ್ದಾಗಿರ್ತದೆ?"

ಪೇಟೆಯ ಅಂಗಡಿಗೆ ಹೊತ್ಕೊಂಡು ಹೋದೆ. ಹಿಂದೆ ಹಾರ್ಡ್‌ಡಿಸ್ಕಿಂದ ಮದುವೆ ಫೋಟೋ ಎಲ್ಲ ವಾಪಸ್ ತೆಗೆದುಕೊಟ್ಟ ಹುಡುಗನೇ, ಈ ಸಲ ಸಾಫ್ಟ್‌ವೇರ್ ಓಡಿಸಿ ನೋಡಿ, "ಟ್ರಿಮ್ ಆಯಿ ಏಟ್ಟಾ, ಇನಿ ಕಿಟ್ಟೂಲ" ಅಂದುಬಿಟ್ಟ. ಟ್ರಿಮ್ ಆಗಿದೆ ಅಣ್ಣಾ, ಇನ್ನು ಸಿಗುದಿಲ್ಲ ಅಂತ. ಖಾಲಿ ಅಂತ ಹೇಳಿದ ಜಾಗವನ್ನು ಎಸ್‌ಎಸ್‌ಡಿ ಒರೆಸಿಯೇ ಬಿಡ್ತದೆ, ಮುಗೀತು.

ಆ ಫೋಲ್ಡರಿನಲ್ಲಿ ಎಂತ ಇತ್ತು ಅಂತ ದೇವರಾಣೆ ಯಾರಿಗೂ ಗೊತ್ತಿರ್ಲಿಲ್ಲ, ಸುದ್ದಿ ಹಬ್ಬಿದ ಮೇಲೆ ಎಲ್ಲರಿಗೂ ಗೊತ್ತಾಯ್ತು. ಅತ್ತೆಯ ಪಾಸ್‌ಪೋರ್ಟ್ ಸ್ಕ್ಯಾನ್ ಅದರಲ್ಲೇ ಇತ್ತಂತೆ. ನೀರ್ಚಾಲಿನ ಭಾವ ನನಗೆ ವಾಪಸ್ ಕೊಡ್ಬೇಕಿದ್ದ ಸಾಲದ ಲೆಕ್ಕವೂ ಅದರಲ್ಲೇ, ಇನ್ನು ಎಷ್ಟು ಅಂತ ಹೇಳುದು ಅಂತ ಅವನೇ ಕೇಳ್ತಾನೆ. ನಿನ್ನೆ ಅಣ್ಣನ ಮಗ ಶಾಲೆಯಲ್ಲಿ ಟೀಚರ್ ಹತ್ರ ಪ್ರಾಜೆಕ್ಟ್ ಅದರಲ್ಲಿತ್ತು ಅಂತ ಹೇಳಿದ್ದಾನಂತೆ, ಅವನಿಗೆ ಪ್ರಾಜೆಕ್ಟ್ ಕೊಟ್ಟದ್ದೇ ಮೊನ್ನೆ.