ಹೆಬ್ಬಾತಿನ ಬಾಯಲ್ಲಿ ಇರುವುದು ಹಲ್ಲಲ್ಲ

ಬಾಯಿ ತೆರೆದ ಹೆಬ್ಬಾತಿನ ಫೋಟೋವೊಂದು ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. “ನಾಲಿಗೆ ತುಂಬ ಹಲ್ಲು! ಇದು ಮಾಂಸ ಹರಿದು ತಿನ್ನುವ ಹಕ್ಕಿ” ಎಂದು ಅದರ ಕೆಳಗೆ ಬರೆದಿದ್ದಾರೆ. ಮಕ್ಕಳೇ, ಫೋಟೋದಲ್ಲಿ ಕಾಣುವ ಮೊನೆಗಳು ನಿಜ. ಆದರೆ ಅವು ಹಲ್ಲಲ್ಲ. ಈಗ ಬದುಕಿರುವ ಯಾವ ಹಕ್ಕಿಗೂ ಹಲ್ಲಿಲ್ಲ.

ನಿಮ್ಮ ಉಗುರನ್ನು ಒಮ್ಮೆ ಮುಟ್ಟಿ ನೋಡಿ. ಅದು ಕೆರಾಟಿನ್ ಎಂಬ ವಸ್ತುವಿನಿಂದ ಆದದ್ದು. ಹೆಬ್ಬಾತಿನ ಕೊಕ್ಕಿನ ಅಂಚಿನಲ್ಲಿರುವ ಗರಗಸದಂಥ ಮೊನೆಗಳೂ ಅದರಿಂದಲೇ ಆಗಿವೆ. ನಾಲಿಗೆಯ ಎರಡೂ ಬದಿಗೆ ಅಂಥದೇ ಮುಳ್ಳುಗಳ ಸಾಲು.

ಇವೆಲ್ಲ ಯಾಕೆ ಅಂದರೆ, ಹುಲ್ಲಿಗೆ! ಹೆಬ್ಬಾತು ಮೇಯುವ ಹಕ್ಕಿ. ಹುಲ್ಲಿನ ಎಸಳನ್ನು ಕೊಕ್ಕಿನಲ್ಲಿ ಬಿಗಿಯಾಗಿ ಹಿಡಿದು ತಲೆ ಜಗ್ಗುತ್ತದೆ, ಎಸಳು ಚಟಕ್ಕನೆ ತುಂಡಾಗುತ್ತದೆ. ಅಗಿಯುವುದಿಲ್ಲ, ಹಾಗೇ ನುಂಗುತ್ತದೆ. ಅರೆಯುವ ಕೆಲಸ ಹೊಟ್ಟೆಯೊಳಗಿನ ಗಟ್ಟಿ ಸ್ನಾಯುವಿನ ಚೀಲದ್ದು. ಅದಕ್ಕೆ ನೆರವಾಗಲಿ ಅಂತ ಸಣ್ಣ ಕಲ್ಲುಗಳನ್ನೂ ನುಂಗಿರುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ?

ಹೆಬ್ಬಾತು ಕಚ್ಚುವುದೂ ಉಂಟು, ಅದು ಸುಳ್ಳಲ್ಲ. ಗೂಡಿನ ಹತ್ತಿರವೋ ಮರಿಗಳ ಹತ್ತಿರವೋ ಹೋದರೆ ಕತ್ತು ಚಾಚಿ ಬುಸುಗುಡುತ್ತದೆ. ಅದು ಹಸಿವಲ್ಲ, ಮರಿಗಳ ಕಾವಲು. ಆಗ ಓಡಬೇಡಿ, ಅದರ ಕಡೆ ಮುಖ ಮಾಡಿಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ.